ಫಿಲಿಪ್ ಮಾರ್ಟಿನ್ ಬಗ್ಗೆ ಮಾತಾಡೋಣ: ಕ್ಯಾಸಿನೊಗಿಂತ ಮೊದಲಿನ ಚಾಕ್ಟಾ ಕಥೆ

ತುಂಗಾತೀರ

ಅಮೆರಿಕದ ಮೂಲನಿವಾಸಿಗಳ ವಿಷಯ ಬಂದರೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಅವರನ್ನೆಲ್ಲ ಊರು ಬಿಡಿಸಿ ಓಡಿಸಿದರು ಅನ್ನುವುದು ಒಂದು. ಈಗ ಕ್ಯಾಸಿನೊ ಇಟ್ಟುಕೊಂಡು ಚೆನ್ನಾಗಿದ್ದಾರೆ ಅನ್ನುವುದು ಇನ್ನೊಂದು. ನಡುವೆ ಏನಾಯಿತು ಅಂತ ಕೇಳುವವರು ಕಡಿಮೆ. ಆ ನಡುವಿನ ಕಥೆಗೆ ನನಗೆ ತುಂಬ ಹಿಡಿಸಿದ ಮನುಷ್ಯ ಫಿಲಿಪ್ ಮಾರ್ಟಿನ್. ಮಿಸ್ಸಿಸಿಪ್ಪಿಯ ಚಾಕ್ಟಾ ಜನರ ಮುಖ್ಯಸ್ಥ. ಕನ್ನಡದಲ್ಲಿ ಇವರ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಹುಟ್ಟಿದ್ದು 1926ರ ಮಾರ್ಚ್‌ನಲ್ಲಿ, ಮಿಸ್ಸಿಸಿಪ್ಪಿಯ ನೆಶೋಬ ಕೌಂಟಿಯ ಫಿಲಡೆಲ್ಫಿಯಾದಲ್ಲಿ. ಪೆನ್ಸಿಲ್ವೇನಿಯಾದ ದೊಡ್ಡ ನಗರ ಅಲ್ಲ, ಅದೇ ಹೆಸರಿನ ಸಣ್ಣ ಪೇಟೆ. ಆಗ ಅಲ್ಲಿನ ಚಾಕ್ಟಾ ಜನ ಹೆಚ್ಚಾಗಿ ಬೇರೆಯವರ ಹೊಲದಲ್ಲಿ ಹತ್ತಿ ಬೆಳೆದು ಪಾಲಿಗೆ ದುಡಿಯುತ್ತಿದ್ದರು. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಕೈಯಲ್ಲಿ ಉಳಿಯುತ್ತಿದ್ದದ್ದು ಸಾಲ. ಫಿಲಿಪ್‌ಗೆ 11 ವರ್ಷ ಆಗಿದ್ದಾಗ ತಂದೆಗೆ ಯಾರೋ ಗಾಡಿ ಗುದ್ದಿಸಿ, ನಿಲ್ಲಿಸದೆ ಹೋದರು. ತಂದೆ ತೀರಿಕೊಂಡರು.

ಊರಿನಲ್ಲಿ ಹೈಸ್ಕೂಲು ಇರಲಿಲ್ಲ. ಇದ್ದವು, ಆದರೆ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ. ಚಾಕ್ಟಾ ಮಕ್ಕಳಿಗೆ ಯಾವುದೂ ಇಲ್ಲ. ಹಾಗಾಗಿ ಹುಡುಗ ನಾರ್ತ್ ಕೆರೊಲಿನಾದ ಚೆರೊಕೀ ಊರಿನ ವಸತಿ ಶಾಲೆಗೆ ಹೋಗಬೇಕಾಯಿತು. 1945ರಲ್ಲಿ ಓದು ಮುಗಿಸಿ ಸೇನೆಯ ವಾಯುಪಡೆ ಸೇರಿದರು. ಯುರೋಪಿನಲ್ಲಿದ್ದಾಗ, ಯುದ್ಧದಲ್ಲಿ ಸೋತು ಸುಣ್ಣವಾದ ಜನ ಕಸದಲ್ಲಿ ಅನ್ನ ಹುಡುಕುವುದನ್ನು ಕಂಡರು. ಅದೇ ಜನ ಮತ್ತೆ ಮನೆ ಕಟ್ಟಿಕೊಳ್ಳುವುದನ್ನೂ ಕಂಡರು. ಬಿಳಿಯರು ಕೂಡ ಹೀಗೆ ಬಡವರಾಗುತ್ತಾರೆ, ಮತ್ತೆ ಮೇಲೇಳುತ್ತಾರೆ. ಹಾಗಿದ್ದರೆ ಬಡತನ ನಮ್ಮ ಜನರ ಹಣೆಬರಹ ಹೇಗಾಗುತ್ತದೆ ಅನ್ನುವ ಯೋಚನೆ ಅವರಿಗೆ ಅಲ್ಲಿ ಹುಟ್ಟಿತು.

ಸುಮಾರು ಹತ್ತು ವರ್ಷ ಸೇನೆಯಲ್ಲಿದ್ದು 1955ರಲ್ಲಿ ವಾಪಸ್ ಬಂದರು. ಮೆರಿಡಿಯನ್ ಹತ್ತಿರದ ನೌಕಾಪಡೆ ವಿಮಾನ ನೆಲೆಯಲ್ಲಿ ಗುಮಾಸ್ತನ ಕೆಲಸ ಹಿಡಿದರು. 1957ರಲ್ಲಿ ಬುಡಕಟ್ಟು ಮಂಡಳಿಗೆ ಆಯ್ಕೆಯಾದರು, 1959ರಲ್ಲಿ ಅದರ ಅಧ್ಯಕ್ಷರಾದರು. ಆ ಮಂಡಳಿಗೆ ಹೆಸರೊಂದು ಬಿಟ್ಟರೆ ಏನೂ ಇರಲಿಲ್ಲ. ದುಡ್ಡಿಲ್ಲ, ನೌಕರರಿಲ್ಲ. ಏನೇ ಮಾಡಬೇಕಾದರೂ ಇಂಡಿಯನ್ ವ್ಯವಹಾರಗಳ ಇಲಾಖೆಯ, ಅಂದರೆ ಅಮೆರಿಕದ ಮೂಲನಿವಾಸಿಗಳ ವಿಷಯ ನೋಡುವ ಕೇಂದ್ರ ಇಲಾಖೆಯ, ಅಧಿಕಾರಿ ಒಪ್ಪಬೇಕು.

ಇಲ್ಲಿಂದ ಮುಂದಿನದೇ ನನಗೆ ಮುಖ್ಯ. 1960ರ ದಶಕದ ನಡುವಿನಲ್ಲಿ ಕೇಂದ್ರ ಸರ್ಕಾರ ಬಡತನ ನಿವಾರಣೆಗೆ ದುಡ್ಡು ಕೊಡಲು ಶುರು ಮಾಡಿತು. ಮಾರ್ಟಿನ್ ಆ ದುಡ್ಡನ್ನು ಸುಮ್ನೆ ಹಂಚಲಿಲ್ಲ. ತಮ್ಮ ಜನರಿಗೇ ಲೆಕ್ಕಪತ್ರ, ಸಂಬಳದ ಪಟ್ಟಿ, ಟೆಂಡರ್, ವರದಿ ಕಲಿಸಿದರು. 1969ರಲ್ಲಿ ಚಾಹ್ತಾ ಡೆವಲಪ್‌ಮೆಂಟ್ ಅನ್ನುವ ಕಟ್ಟಡ ಕಂಪನಿ ಹುಟ್ಟಿತು. ಮೀಸಲು ಪ್ರದೇಶದಲ್ಲಿ ಮನೆ ಕಟ್ಟುವ ಕೆಲಸವನ್ನು ಹೊರಗಿನ ಗುತ್ತಿಗೆದಾರರ ಬದಲು ತಾವೇ ಹಿಡಿದರು. 1970ರ ದಶಕದ ಆರಂಭದಲ್ಲಿ ಒಂದು ಕೈಗಾರಿಕಾ ಪ್ರದೇಶ ಸಿದ್ಧ ಮಾಡಿದರು. ರಸ್ತೆ, ನೀರು, ಕರೆಂಟ್ ಎಲ್ಲ ಬಂತು, ಕಾರ್ಖಾನೆ ಮಾತ್ರ ಬರಲಿಲ್ಲ. ವರ್ಷಗಟ್ಟಲೆ ಆ ಜಾಗ ಖಾಲಿ ಬಿದ್ದಿತ್ತು. ಮಾರ್ಟಿನ್ ಕಂಪನಿಗಳಿಗೆ ಪತ್ರದ ಮೇಲೆ ಪತ್ರ ಬರೆಯುತ್ತಲೇ ಹೋದರು.

1979ರಲ್ಲಿ ಜನರಲ್ ಮೋಟರ್ಸ್‌ನ ಪ್ಯಾಕರ್ಡ್ ಎಲೆಕ್ಟ್ರಿಕ್ ವಿಭಾಗದ ಕೆಲಸ ಸಿಕ್ಕಿತು. ಕಾರುಗಳಿಗೆ ವೈರಿಂಗ್ ಹಾರ್ನೆಸ್, ಅಂದರೆ ತಂತಿಗಳ ಕಟ್ಟು, ಮಾಡಿಕೊಡುವುದು. ಚಾಹ್ತಾ ಎಂಟರ್‌ಪ್ರೈಸ್ ಶುರುವಾದದ್ದು ಹೀಗೆ. ಅದೇ ವರ್ಷ ಮಾರ್ಟಿನ್ ಜನರ ನೇರ ಮತದಿಂದ ಮುಖ್ಯಸ್ಥರಾದರು. 2007ರ ತನಕ ಆ ಕುರ್ಚಿಯಲ್ಲಿದ್ದರು. 1981ರಲ್ಲಿ ಅಮೆರಿಕನ್ ಗ್ರೀಟಿಂಗ್ಸ್ ಕಂಪನಿಯ ಶುಭಾಶಯ ಪತ್ರಗಳನ್ನು ಕೈಯಿಂದ ಮುಗಿಸಿಕೊಡುವ ಘಟಕ ಬಂತು. ಆಮೇಲೆ ಫೋರ್ಡ್ ಕಾರಿಗೆ ಸ್ಪೀಕರ್ ಮಾಡುವ ಘಟಕ. ಸಿಲ್ವರ್ ಸ್ಟಾರ್ ಕ್ಯಾಸಿನೊ ತೆರೆದದ್ದು 1994ರಲ್ಲಿ. ಅಂದರೆ ಮೊದಲ ಕಾರ್ಖಾನೆಗೂ ಕ್ಯಾಸಿನೊಗೂ ನಡುವೆ 15 ವರ್ಷ.

ನಾನು ಹೇಳಬೇಕು ಅಂದುಕೊಂಡದ್ದು ಇಷ್ಟು. ಈ ಜನ ಮೇಲೆ ಬಂದದ್ದು ಜೂಜಿನ ದುಡ್ಡಿನಿಂದ ಅಲ್ಲ. ಮೊದಲು ಆಡಳಿತ ಕಟ್ಟಿದರು, ಆಮೇಲೆ ಕಾರ್ಖಾನೆ, ಕೊನೆಗೆ ಕ್ಯಾಸಿನೊ. ಈ ಸಾಲು ತಿರುಗುಮುರುಗಾಗಿದ್ದರೆ ದುಡ್ಡು ಬಂದ ದಾರಿಯಲ್ಲೇ ಹೋಗುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ದಯವಿಟ್ಟು ಬರೆಯಿರಿ.

ಬಿಸಿಲುನಾಡು

ತುಂಬ ಚೆನ್ನಾಗಿ ಬರೆದಿದ್ದೀರಿ. ಒಂದು ಸಂದೇಹ. ಚಾಕ್ಟಾ ಜನರನ್ನು ಒಕ್ಲಹೋಮಕ್ಕೆ ಕಳಿಸಿದರು ಅಂತ ಓದಿದ ನೆನಪು. ಹಾಗಿದ್ದರೆ ಮಿಸ್ಸಿಸಿಪ್ಪಿಯಲ್ಲಿ ಇವರು ಹೇಗೆ ಉಳಿದರು? ಎರಡೂ ಒಂದೇ ಸರ್ಕಾರವಾ?

ಹಳೇಪುಟ

@ಬಿಸಿಲುನಾಡು, ಒಂದೇ ಜನ, ಬೇರೆ ಬೇರೆ ಸರ್ಕಾರ. ಒಕ್ಲಹೋಮದ ಚಾಕ್ಟಾ ನೇಷನ್ ತುಂಬ ದೊಡ್ಡದು. ಮಿಸ್ಸಿಸಿಪ್ಪಿಯ ಬ್ಯಾಂಡ್ ಚಿಕ್ಕದು, ಈಗ ಸುಮಾರು 11,000 ಸದಸ್ಯರು. ಲೂಸಿಯಾನದಲ್ಲಿ ಜೀನಾ ಬ್ಯಾಂಡ್ ಅಂತ ಇನ್ನೊಂದು ಸಣ್ಣ ಗುಂಪಿದೆ.

ಉಳಿದ ಕಥೆ ಹೀಗೆ. 1830ರ ಸೆಪ್ಟೆಂಬರ್‌ನಲ್ಲಿ ಡ್ಯಾನ್ಸಿಂಗ್ ರ‍್ಯಾಬಿಟ್ ಕ್ರೀಕ್ ಅನ್ನುವ ಹೊಳೆಯ ಹತ್ತಿರ ಒಪ್ಪಂದವಾಯಿತು. ಮಿಸ್ಸಿಸಿಪ್ಪಿಯಲ್ಲಿ ಉಳಿದಿದ್ದ ಸುಮಾರು 1 ಕೋಟಿ 10 ಲಕ್ಷ ಎಕರೆ ಚಾಕ್ಟಾ ನೆಲ ಸರ್ಕಾರದ ಪಾಲಾಯಿತು. ಆ ವರ್ಷವೇ ಅಧ್ಯಕ್ಷ ಆ್ಯಂಡ್ರೂ ಜಾಕ್ಸನ್ ಸರ್ಕಾರ ಸ್ಥಳಾಂತರ ಕಾಯ್ದೆ ತಂದಿತ್ತು. ಅದರ ಕೆಳಗೆ ಆದ ಮೊದಲ ಒಪ್ಪಂದ ಇದೇ. 1831ರಿಂದ 1833ರ ತನಕ ಸಾವಿರಾರು ಜನರನ್ನು ಪಶ್ಚಿಮಕ್ಕೆ ನಡೆಸಿದರು. ಚಳಿ, ಹಸಿವು, ಕಾಲರಾದಿಂದ ದಾರಿಯಲ್ಲೇ ಬಹಳ ಜನ ಸತ್ತರು.

ಆದರೆ ಒಪ್ಪಂದದ 14ನೇ ಕಲಮಿನಲ್ಲಿ ಒಂದು ದಾರಿ ಇತ್ತು. ಇಲ್ಲೇ ಉಳಿಯಬೇಕು ಅನ್ನುವ ಮನೆ ಯಜಮಾನ ಆರು ತಿಂಗಳೊಳಗೆ ಸರ್ಕಾರಿ ಏಜೆಂಟನ ಬಳಿ ಹೆಸರು ಬರೆಸಿದರೆ 640 ಎಕರೆ ಸಿಗಬೇಕು. ಏಜೆಂಟ್ ವಿಲಿಯಂ ವಾರ್ಡ್ ಹೆಸರು ಬರೆದುಕೊಳ್ಳಲೇ ಒಪ್ಪಲಿಲ್ಲ. ಬಂದವರನ್ನು ವಾಪಸ್ ಕಳಿಸಿದ. ಬರೆದ ಪಟ್ಟಿಯೂ ಸರಿಯಾಗಿ ಉಳಿಯಲಿಲ್ಲ. ಹೀಗೆ ನೆಲ ಹೋಯಿತು, ಜನ ಮಾತ್ರ ಉಳಿದರು. ಕಾಡು, ಜೌಗು, ಬೇರೆಯವರ ಹೊಲದ ಅಂಚು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. 1910ರ ಹೊತ್ತಿಗೆ ಮಿಸ್ಸಿಸಿಪ್ಪಿಯಲ್ಲಿ ಲೆಕ್ಕಕ್ಕೆ ಸಿಕ್ಕ ಚಾಕ್ಟಾ ಜನ 1,253. 1918ರ ಫ್ಲೂ ಜ್ವರ ಅವರಲ್ಲಿ ಸುಮಾರು ಐದನೇ ಒಂದು ಪಾಲನ್ನು ಒಯ್ದಿತು. ಅದೇ ವರ್ಷ ಸರ್ಕಾರ ಫಿಲಡೆಲ್ಫಿಯಾದಲ್ಲಿ ಚಾಕ್ಟಾ ಏಜೆನ್ಸಿ ತೆರೆಯಿತು. ನಿಧಾನಕ್ಕೆ ನೆಲ ಕೊಂಡು ಸೇರಿಸಿ 1944ರಲ್ಲಿ ಮೀಸಲು ಪ್ರದೇಶ ಅಂತ ಘೋಷಿಸಿತು. 1945ರಲ್ಲಿ ಬುಡಕಟ್ಟಿನ ಸಂವಿಧಾನ ಬಂತು. ಮಾರ್ಟಿನ್ ಹೈಸ್ಕೂಲು ಮುಗಿಸಿದ ವರ್ಷವೂ ಅದೇ. ಆಮೇಲೆ ಅವರು ಏನೇ ಕಟ್ಟಿದರೂ ಆ ಸಂವಿಧಾನದ ಮೇಲೇ ಕಟ್ಟಿದ್ದು.

ಗಾಳಿಪಟ

ಒಳ್ಳೆಯ ಚರ್ಚೆ. ಆದರೆ ಮೂಲ ಬರಹದಲ್ಲಿ ಮಾರ್ಟಿನ್ ಅವರ ಇನ್ನೊಂದು ಮುಖ ಬರಲಿಲ್ಲ. ನಾನು ಮೂರು ವಿಷಯ ಎತ್ತುತ್ತೇನೆ.

ಜ್ಯಾಕ್ ಅಬ್ರಮೋಫ್. ವಾಷಿಂಗ್ಟನ್ನಿನ ಈ ಲಾಬಿಗಾರನನ್ನು ಚಾಕ್ಟಾ ಸರ್ಕಾರ 1995ರಲ್ಲಿ ನೇಮಿಸಿಕೊಂಡಿತು. ಬುಡಕಟ್ಟುಗಳ ಆದಾಯಕ್ಕೆ ತೆರಿಗೆ ಹಾಕುವ ಪ್ರಸ್ತಾಪ ಆಗ ಸಂಸತ್ತಿನಲ್ಲಿತ್ತು, ಅದನ್ನು ತಡೆಯುವುದು ಅವನ ಕೆಲಸ. ಪ್ರಸ್ತಾಪ ಬಿದ್ದುಹೋಯಿತು, ನಂಬಿಕೆ ಬೆಳೆಯಿತು. ಆಮೇಲೆ ಅವನೂ ಅವನ ಜೊತೆಗಾರ ಮೈಕೆಲ್ ಸ್ಕ್ಯಾನ್ಲನ್ ಕೂಡ ಸೇರಿ ಈ ಜನರಿಂದ ಕೋಟಿಗಟ್ಟಲೆ ದುಡ್ಡು ಎಳೆದರು. ಅದರಲ್ಲಿ ದೊಡ್ಡ ಪಾಲನ್ನು ತಾವಿಬ್ಬರೇ ಗುಟ್ಟಾಗಿ ಹಂಚಿಕೊಂಡರು. ಪಕ್ಕದ ಅಲಬಾಮದಲ್ಲಿ ಜೂಜು ಬರದಂತೆ ತಡೆಯಲು ಸುರಿದ ದುಡ್ಡೂ ಇತ್ತು. ತಮ್ಮ ಕ್ಯಾಸಿನೊಗೆ ಪೈಪೋಟಿ ಬೇಡ ಅಂತ ಬೇರೆಯವರ ಜೂಜನ್ನು ವಿರೋಧಿಸುವುದು ಸರಿಯಾ?

ಎರಡನೆಯದು ಮೆಕ್ಸಿಕೊ. ವೈರಿಂಗ್ ಹಾರ್ನೆಸ್ ಕೆಲಸವನ್ನು ಚಾಕ್ಟಾ ಕಂಪನಿಯೇ ಸೊನೋರ ರಾಜ್ಯದ ಎಂಪಾಲ್ಮೆಗೆ ಒಯ್ದಿತು. ಕೂಲಿ ಅಲ್ಲಿ ಕಡಿಮೆ. ತಮ್ಮ ಜನರಿಗೆ ಕೆಲಸ ಅಂತ ಶುರುವಾದದ್ದು ಅಲ್ಲಿಗೆ ಮುಟ್ಟಿತು.

ಮೂರನೆಯದು, 28 ವರ್ಷ ಒಬ್ಬರೇ. ಮಂಡಳಿಯ ವರ್ಷಗಳನ್ನು ಸೇರಿಸಿದರೆ 40ಕ್ಕೂ ಜಾಸ್ತಿ. ಎಷ್ಟೇ ಒಳ್ಳೆಯವರಾದರೂ ಅಷ್ಟು ಕಾಲ ಒಂದೇ ಕೈಯಲ್ಲಿ ಅಧಿಕಾರ ಇದ್ದರೆ ಪ್ರಶ್ನೆ ಕೇಳುವವರು ಕಡಿಮೆಯಾಗುತ್ತಾರೆ. ಅಬ್ರಮೋಫ್‌ನಂಥವನು ಅಷ್ಟು ವರ್ಷ ದುಡ್ಡು ಎಳೆಯಲು ಆದದ್ದಕ್ಕೂ ಇದಕ್ಕೂ ಸಂಬಂಧ ಇದೆ ಅನ್ನುವುದು ನನ್ನ ಅನುಮಾನ.

ತುಂಗಾತೀರ

@ಗಾಳಿಪಟ, ಮೂರೂ ನ್ಯಾಯವಾದ ಪ್ರಶ್ನೆ. ಒಂದೊಂದಾಗಿ ನನ್ನ ಅನಿಸಿಕೆ ಹೇಳುತ್ತೇನೆ.

ಅಬ್ರಮೋಫ್ ವಿಷಯದಲ್ಲಿ ಮಾರ್ಟಿನ್ ಮೋಸ ಹೋದರು. ಆ ಮನುಷ್ಯ ತನ್ನ ಇಮೇಲ್‌ಗಳಲ್ಲಿ ಇದೇ ಬುಡಕಟ್ಟು ಗಿರಾಕಿಗಳನ್ನು ಕೀಳು ಮಾತಿನಲ್ಲಿ ಬೈದದ್ದು ಸೆನೆಟ್ ಸಮಿತಿಯ ವಿಚಾರಣೆಯಲ್ಲಿ ಹೊರಬಿತ್ತು. 2006ರ ಜನವರಿಯಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಆದರೆ ಲಾಬಿಗಾರನನ್ನು ಇಟ್ಟುಕೊಂಡದ್ದೇ ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಆ ಪ್ರಸ್ತಾಪ ಪಾಸಾಗಿದ್ದರೆ ಶಾಲೆ, ಆಸ್ಪತ್ರೆ, ಪೊಲೀಸ್‌ಗೆ ಹೋಗುತ್ತಿದ್ದ ಆದಾಯಕ್ಕೆ ಕತ್ತರಿ ಬೀಳುತ್ತಿತ್ತು. ರಾಜ್ಯಕ್ಕೆ ಗವರ್ನರ್ ಇದ್ದಾರೆ, ಸೆನೆಟರ್ ಇದ್ದಾರೆ. ಕೆಲವೇ ಸಾವಿರ ಜನರ ಬುಡಕಟ್ಟಿಗೆ ವಾಷಿಂಗ್ಟನ್ನಿನಲ್ಲಿ ಯಾರಿದ್ದಾರೆ? ಅಲಬಾಮದ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಅದು ಶುದ್ಧ ವ್ಯಾಪಾರ, ಅದಕ್ಕೆ ಬೇರೆ ಬಣ್ಣ ಹಚ್ಚಬೇಕಿಲ್ಲ.

ಮೆಕ್ಸಿಕೊ ವಿಷಯ ನನಗೂ ನೋವಿನದು. ಆದರೆ ಆಗ ಅಮೆರಿಕದ ಹಾರ್ನೆಸ್ ಕೆಲಸವೆಲ್ಲ ಗಡಿ ದಾಟುತ್ತಿತ್ತು. ಚಾಕ್ಟಾ ಕಂಪನಿ ಹೋಗದಿದ್ದರೆ ಆರ್ಡರ್ ಬೇರೆಯವರ ಪಾಲಾಗುತ್ತಿತ್ತು. ಊರಿನಲ್ಲಿ ಕೆಲಸ ಕಳೆದುಕೊಂಡವರಿಗೆ ಕ್ಯಾಸಿನೊ, ಹೋಟೆಲು, ಶಾಲೆ, ಕಚೇರಿಗಳಲ್ಲಿ ಬೇರೆ ಕೆಲಸ ಇತ್ತು ಅನ್ನುವುದನ್ನೂ ನೋಡಬೇಕು. ಇಪ್ಪತ್ತು ವರ್ಷ ಮೊದಲು ಆಗಿದ್ದರೆ ಅವರಿಗೆ ಮತ್ತೆ ಹತ್ತಿ ಹೊಲವೇ ಗತಿ.

28 ವರ್ಷದ ಬಗ್ಗೆ ಒಂದು ವಿವರ ಸೇರಿಸುತ್ತೇನೆ. ನೇರ ಚುನಾವಣೆಯಿಂದ ಬಂದ ಮೊದಲ ಮುಖ್ಯಸ್ಥ ಮಾರ್ಟಿನ್ ಅಲ್ಲ, ಕ್ಯಾಲ್ವಿನ್ ಐಸಾಕ್. 1975ರಿಂದ 1979ರ ತನಕ ಅವರಿದ್ದರು. ಮುಖ್ಯಸ್ಥನನ್ನು ಜನರೇ ಆರಿಸಬೇಕು, ನಾಲ್ಕು ವರ್ಷದ ಅವಧಿ ಇರಬೇಕು ಅನ್ನುವ ಹೊಸ ವ್ಯವಸ್ಥೆ ಬಂದದ್ದು ಆಗಲೇ. ಮಾರ್ಟಿನ್ ಪ್ರತಿ ನಾಲ್ಕು ವರ್ಷಕ್ಕೆ ಜನರ ಮುಂದೆ ಹೋಗಿ ಗೆದ್ದರು, ಒಮ್ಮೆ ಸೋತರು, ಇಳಿದರು.

ಜಾಕ್ಸನ್ನಿನಿಂದ

ನಾನು ಮಿಸ್ಸಿಸಿಪ್ಪಿಯ ಜಾಕ್ಸನ್‌ನಲ್ಲಿರುವ ಕನ್ನಡಿಗ. ಫಿಲಡೆಲ್ಫಿಯಾ ಇಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. 16ನೇ ಹೆದ್ದಾರಿಯಲ್ಲಿ ಪೈನ್ ಮರಗಳ ನಡುವೆ ಹೋಗುತ್ತಿದ್ದರೆ ಥಟ್ಟನೆ ಎತ್ತರದ ಹೋಟೆಲುಗಳು ಕಾಣುತ್ತವೆ. ರಸ್ತೆಯ ಒಂದು ಕಡೆ ಸಿಲ್ವರ್ ಸ್ಟಾರ್, ಎದುರಿಗೆ 2002ರಲ್ಲಿ ತೆರೆದ ಗೋಲ್ಡನ್ ಮೂನ್. ಬಹಳ ಜನ ಅಷ್ಟು ನೋಡಿ ವಾಪಸ್ ಬರುತ್ತಾರೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಪರ್ಲ್ ರಿವರ್ ಸಮುದಾಯ. ಹೈಸ್ಕೂಲು, ಆಸ್ಪತ್ರೆ, ನ್ಯಾಯಾಲಯ, ಅಗ್ನಿಶಾಮಕ ಠಾಣೆ, ವೃದ್ಧರ ಮನೆ. ಮಾರ್ಟಿನ್ ಅವರ ಕೆಲಸ ನೋಡಬೇಕಾದರೆ ಅಲ್ಲಿಗೆ ಹೋಗಬೇಕು.

ಜುಲೈನಲ್ಲಿ ಚಾಕ್ಟಾ ಜಾತ್ರೆ ನಡೆಯುತ್ತದೆ, 1949ರಿಂದ. ನಾನು ಮನೆಮಂದಿಯ ಜೊತೆ ಹೋಗಿದ್ದೆ. ಸುಡುವ ಬಿಸಿಲು, ಬೆವರು. ದೊಡ್ಡ ಕಬ್ಬಿಣದ ಹಂಡೆಯಲ್ಲಿ ಮೆಕ್ಕೆಜೋಳ, ಹಂದಿಮಾಂಸ ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ, ಮರದ ಸೌಟಿನಲ್ಲಿ ತಿರುಗಿಸುತ್ತಲೇ ಇರಬೇಕು. ಹೆಂಗಸರ ಉದ್ದನೆಯ ಉಡುಪಿನ ಅಂಚಿಗೆ ಸಾಲು ವಜ್ರದಾಕಾರದ ಪಟ್ಟಿ. ಬಟ್ಟೆ ಕತ್ತರಿಸಿ ಕೂಡಿಸಿ ಹೊಲಿದದ್ದು, ಮೇಲೆ ಬಿಳಿ ಏಪ್ರನ್, ಮಣಿಸರ. ಜೌಗಿನ ಬೆತ್ತ ಸೀಳಿ ಬುಟ್ಟಿ ಹೆಣೆಯುವ ಅಜ್ಜಿಯರು ನೆರಳಿನಲ್ಲಿ ಕೂತಿರುತ್ತಾರೆ.

ರಾತ್ರಿ ಸ್ಟಿಕ್‌ಬಾಲ್. ಒಂದೊಂದು ಕಡೆ 30 ಜನ. ಪ್ರತಿಯೊಬ್ಬನ ಎರಡೂ ಕೈಯಲ್ಲಿ ಒಂದೊಂದು ಕೋಲು, ತುದಿಯಲ್ಲಿ ಚರ್ಮದ ಪಟ್ಟಿ ಹೆಣೆದ ಸಣ್ಣ ಬಟ್ಟಲು. ಚೆಂಡನ್ನು ಕೈಯಿಂದ ಮುಟ್ಟುವಂತಿಲ್ಲ. ಮೈದಾನದ ಕೊನೆಯಲ್ಲಿರುವ ಕಂಬಕ್ಕೆ ತಾಗಿಸಿದರೆ ಒಂದು ಅಂಕ. ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ, ಬಹಳ ಆಟಗಾರರ ಕಾಲಲ್ಲಿ ಚಪ್ಪಲಿಯೂ ಇಲ್ಲ. ಡೋಲಿನ ಸದ್ದು ನಿಲ್ಲುವುದೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಮನೆಯವರು ಮಕ್ಕಳ ಜೊತೆ ಚಾಕ್ಟಾ ಭಾಷೆಯಲ್ಲೇ ಮಾತಾಡುತ್ತಿದ್ದರು. ಬೊಗ್ ಚಿಟ್ಟೊ, ಕೊನೆಹಟ್ಟ, ಟಕರ್, ಹೀಗೆ ಎಂಟು ಸಮುದಾಯಗಳಿವೆ, ಒಂದೊಂದಕ್ಕೂ ತಂಡ, ತಂಡಕ್ಕೆ ಪ್ರಾಣ ಬಿಡುವ ಅಭಿಮಾನಿಗಳು.

ಇದನ್ನು ಯಾಕೆ ಬರೆದೆ ಅಂದರೆ, ಕೆಲಸ ಸಿಕ್ಕಿದ್ದರಿಂದಲೇ ಜನ ಊರಲ್ಲಿ ಉಳಿದರು. 1950, 60ರ ದಶಕದಲ್ಲಿ ಮೂಲನಿವಾಸಿಗಳನ್ನು ಶಿಕಾಗೊ, ಡಲ್ಲಾಸ್‌ನಂಥ ನಗರಗಳಿಗೆ ಕಳಿಸುವ ಸರ್ಕಾರಿ ಯೋಜನೆಯೇ ಇತ್ತು. ಹಾಗೆ ಹೋದ ಚಾಕ್ಟಾ ಮನೆಗಳಲ್ಲಿ ಬಹಳಷ್ಟು ಆಮೇಲೆ ಊರಿಗೆ ಮರಳಿದವು. ಜನ ಒಟ್ಟಿಗೆ ಇದ್ದರೆ ತಾನೇ ಜಾತ್ರೆ, ಆಟ, ಭಾಷೆ.

ಯಂತ್ರಶಾಲೆ

ನಾನು ವಾಹನದ ಬಿಡಿಭಾಗಗಳ ಉದ್ಯಮದಲ್ಲಿದ್ದವನು, ಹಾರ್ನೆಸ್ ಘಟಕದಲ್ಲೂ ಕೆಲಸ ಮಾಡಿದ್ದೇನೆ. ಹೊರಗಿನವರಿಗೆ ಇದು ಸಣ್ಣ ಕೆಲಸ ಅನ್ನಿಸಬಹುದು, ಹಾಗಾಗಿ ಸ್ವಲ್ಪ ವಿವರಿಸುತ್ತೇನೆ.

ಕಾರಿನೊಳಗೆ ದೀಪ, ಹಾರ್ನ್, ವೈಪರ್, ಮೀಟರು ಎಲ್ಲಕ್ಕೂ ಹೋಗುವ ತಂತಿಗಳನ್ನು ಒಟ್ಟು ಸೇರಿಸಿದ ಕಟ್ಟೇ ಹಾರ್ನೆಸ್. ಉದ್ದನೆಯ ಹಲಗೆಯ ಮೇಲೆ ನಕ್ಷೆ ಬರೆದಿರುತ್ತದೆ, ಅಲ್ಲಲ್ಲಿ ಗೂಟ ಹೊಡೆದಿರುತ್ತದೆ. ಪ್ರತಿ ತಂತಿಗೆ ಬೇರೆ ಬಣ್ಣ, ಬೇರೆ ಉದ್ದ. ಗೂಟದ ನಡುವೆ ಎಳೆದು ಹಾಕಬೇಕು, ತುದಿಯನ್ನು ಸರಿಯಾದ ಕನೆಕ್ಟರಿನ ಸರಿಯಾದ ತೂತಿಗೆ ಟಕ್ ಅನ್ನುವ ತನಕ ಒತ್ತಬೇಕು, ಟೇಪ್ ಸುತ್ತಬೇಕು. ಇದು ಇವತ್ತಿಗೂ ಬಹುಪಾಲು ಕೈಕೆಲಸ. ಒಂದು ತಂತಿ ತಪ್ಪಿದರೆ ಕಾರು ಕಟ್ಟುವ ಜಾಗದಲ್ಲಿ ಇಡೀ ಸಾಲು ನಿಲ್ಲಬಹುದು. ದೊಡ್ಡ ಕಾರು ಕಂಪನಿ ಎರಡನೇ ಸಲ ಕ್ಷಮಿಸುವುದಿಲ್ಲ. ತಡವಾದರೂ ಅಷ್ಟೇ.

ಈಗ ಚಾಹ್ತಾ ಎಂಟರ್‌ಪ್ರೈಸ್ ನೋಡಿ. ಮೊದಲ ತಂಡದ ಬಹಳ ಜನರಿಗೆ ಕಾರ್ಖಾನೆ ಕೆಲಸವೇ ಹೊಸದು. ಹಲವರ ಹತ್ತಿರ ಕೆಲಸಕ್ಕೆ ಬರಲು ಗಾಡಿ ಇರಲಿಲ್ಲ. ಮೊದಲ ಒಂದೆರಡು ವರ್ಷ ಕಂಪನಿ ಸಾಲದಲ್ಲಿ ಮುಳುಗಿ ಬಾಗಿಲು ಹಾಕುವ ಹಂತಕ್ಕೆ ಬಂದಿತ್ತು. ಆಗ ಪ್ಯಾಕರ್ಡ್‌ನಲ್ಲಿ ಅನುಭವ ಇದ್ದ ಮ್ಯಾನೇಜರನ್ನು ಕರೆತಂದು ಕಾರ್ಖಾನೆಯನ್ನು ಅವರ ಕೈಗೆ ಕೊಟ್ಟರು. ನನ್ನ ಲೆಕ್ಕದಲ್ಲಿ ಮಾರ್ಟಿನ್ ಅವರ ದೊಡ್ಡ ನಿರ್ಧಾರ ಇದೇ. ದಿನದಿನದ ಕೆಲಸದಲ್ಲಿ ಮಂಡಳಿಯ ಸದಸ್ಯರು ಕೈ ಹಾಕುವಂತಿಲ್ಲ. ತಮ್ಮ ನೆಂಟ ಅಂತ ಕೆಲಸ ಕೊಡಿಸುವಂತಿಲ್ಲ, ಕೆಲಸಕ್ಕೆ ಬಾರದವನನ್ನು ತೆಗೆದರೆ ತಡೆಯುವಂತಿಲ್ಲ. ಊರೆಲ್ಲ ನೆಂಟರೇ ಇರುವ ಕಡೆ ಇದನ್ನು ಜಾರಿಗೆ ತರುವುದು ಎಷ್ಟು ಕಷ್ಟ ಅಂತ ಗೊತ್ತಲ್ವಾ? ಗುಣಮಟ್ಟ ಸುಧಾರಿಸಿತು, ಆರ್ಡರ್ ಜಾಸ್ತಿಯಾಯಿತು, ಫೋರ್ಡ್ ಕೆಲಸವೂ ಬಂತು.

ಶುಭಾಶಯ ಪತ್ರದ ಘಟಕಕ್ಕೆ ಬಂಡವಾಳ ಹೂಡಿಸಿದ ರೀತಿಯೂ ಗಮನಿಸಬೇಕಾದದ್ದು. ಫಿಲಡೆಲ್ಫಿಯಾ ಪುರಸಭೆ ಬಾಂಡ್ ಹೊರಡಿಸಿ ದುಡ್ಡು ಎತ್ತಿಕೊಟ್ಟಿತು. ಆ ಪೇಟೆಯೂ ಚಾಕ್ಟಾ ಸರ್ಕಾರವೂ ಒಂದೇ ಕಾಗದಕ್ಕೆ ಸಹಿ ಹಾಕಿದವು.

ಹಳೇಪುಟ

@ಯಂತ್ರಶಾಲೆ, ಆ ಬಾಂಡಿನ ಮಾತು ಓದಿ ಮೈ ಜುಂ ಅಂದಿತು. ಯಾಕೆಂದರೆ ಆ ಪೇಟೆ ಎಂಥದ್ದು ಅಂತ ನೆನಪಿಸಿಕೊಳ್ಳಿ.

1964ರ ಜೂನ್ 21. ಕರಿಯರಿಗೆ ಮತದಾನದ ಹಕ್ಕು ಕೊಡಿಸಲು ದುಡಿಯುತ್ತಿದ್ದ ಜೇಮ್ಸ್ ಚೇನಿ, ಆ್ಯಂಡ್ರೂ ಗುಡ್‌ಮನ್, ಮೈಕೆಲ್ ಶ್ವರ್ನರ್ ಅನ್ನುವ ಮೂವರು ಯುವಕರನ್ನು ಕು ಕ್ಲಕ್ಸ್ ಕ್ಲಾನ್ ಅನ್ನುವ ಬಿಳಿಯ ಜನಾಂಗವಾದಿಗಳ ಗುಪ್ತ ಗುಂಪು ಇದೇ ನೆಶೋಬ ಕೌಂಟಿಯಲ್ಲಿ ಕೊಂದಿತು. ಪೊಲೀಸರೇ ಅದರಲ್ಲಿ ಕೈ ಸೇರಿಸಿದ್ದರು. ಎರಡು ದಿನದ ಮೇಲೆ ಅವರ ಸುಟ್ಟ ಕಾರು ಸಿಕ್ಕಿದ್ದು ಬೊಗ್ ಚಿಟ್ಟೊ ಹಳ್ಳದ ಜೌಗಿನಲ್ಲಿ, ಚಾಕ್ಟಾ ಜನರ ಊರಿನ ಪಕ್ಕ. ಸುದ್ದಿ ತನಿಖೆಗಾರರಿಗೆ ಮುಟ್ಟಿದ್ದೂ ಚಾಕ್ಟಾ ಏಜೆನ್ಸಿಯ ಮೂಲಕ. ಮಾರ್ಟಿನ್ ಆಗ ಬುಡಕಟ್ಟಿನ ರಾಜಕೀಯದಲ್ಲಿದ್ದವರು. ಒಂದು ಮಾತು ಹೆಚ್ಚು ಕಡಿಮೆಯಾದರೆ ಮನೆಗೆ ಬೆಂಕಿ ಬೀಳುವ ಕಾಲ. ಅದೇ ಪೇಟೆಯ ಜೊತೆ 17 ವರ್ಷದ ಮೇಲೆ ಬಾಂಡಿಗೆ ಸಹಿ. ಇನ್ನೂ ಹದಿಮೂರು ವರ್ಷ ಕಳೆದ ಮೇಲೆ ಆ ಕೌಂಟಿಯ ಬಿಳಿಯರೂ ಕರಿಯರೂ ಕೆಲಸ ಹುಡುಕಿಕೊಂಡು ಚಾಕ್ಟಾ ಕಚೇರಿಗೆ ಬಂದರು. ರಾಜ್ಯದಲ್ಲೇ ಅತಿ ಹೆಚ್ಚು ಜನರಿಗೆ ಕೆಲಸ ಕೊಡುವ ಹತ್ತು ಸಂಸ್ಥೆಗಳಲ್ಲಿ ಚಾಕ್ಟಾ ಸರ್ಕಾರವೂ ಒಂದಾಯಿತು. ಕೆಲಸಗಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಚಾಕ್ಟಾ ಅಲ್ಲದವರು.

@ಗಾಳಿಪಟ, ನಿಮ್ಮ ಪ್ರಶ್ನೆಗೆ ಹಳೆಯ ಚರಿತ್ರೆಯಿಂದ ಒಂದು ಮಾತು. ಪುಷ್ಮತಾಹ ಅನ್ನುವ ಚಾಕ್ಟಾ ನಾಯಕ 1811ರಲ್ಲಿ ಶಾನೀ ಬುಡಕಟ್ಟಿನ ನಾಯಕ ಟಿಕಮ್ಸೆಯ ಜೊತೆ ಸೇರಿ ಅಮೆರಿಕದ ಮೇಲೆ ಯುದ್ಧ ಮಾಡಲು ಒಪ್ಪಲಿಲ್ಲ. ಬದಲಿಗೆ ಆ್ಯಂಡ್ರೂ ಜಾಕ್ಸನ್ ಪರವಾಗಿ ಕ್ರೀಕ್ ಜನರ ವಿರುದ್ಧ ಹೋರಾಡಿದರು. 1824ರ ಡಿಸೆಂಬರ್‌ನಲ್ಲಿ ನೆಲದ ವಿಷಯ ಮಾತಾಡಲು ವಾಷಿಂಗ್ಟನ್‌ಗೆ ಹೋಗಿದ್ದಾಗ ಅಲ್ಲೇ ತೀರಿಕೊಂಡರು, ಸೇನಾ ಗೌರವದೊಂದಿಗೆ ಅಲ್ಲೇ ಮಣ್ಣಾದರು. ಆರು ವರ್ಷದಲ್ಲಿ ಅದೇ ಜಾಕ್ಸನ್ ಚಾಕ್ಟಾ ಜನರ ನೆಲ ಕಿತ್ತುಕೊಂಡ. ಇನ್ನು ಗ್ರೀನ್‌ವುಡ್ ಲೆಫ್ಲೋರ್. 1830ರ ಒಪ್ಪಂದಕ್ಕೆ ಸಹಿ ಹಾಕಿದ ಮುಖ್ಯಸ್ಥ. ಜನ ಹೊರಟುಹೋದರು, ಅವನು ಉಳಿದು ದೊಡ್ಡ ಜಮೀನುದಾರನಾದ. ನೂರಾರು ಗುಲಾಮರನ್ನು ಇಟ್ಟುಕೊಂಡು ಬಂಗಲೆ ಕಟ್ಟಿಸಿದ, ರಾಜ್ಯದ ಸೆನೆಟಿಗೂ ಹೋದ. ಬಲಶಾಲಿಗಳ ಜೊತೆ ಹೇಗೆ ಬದುಕಬೇಕು ಅನ್ನುವ ಪ್ರಶ್ನೆ ಇಬ್ಬರಿಗೂ ಎದುರಾಗಿತ್ತು. ಒಬ್ಬರು ನಂಬಿ ಕೆಟ್ಟರು, ಇನ್ನೊಬ್ಬ ತನ್ನದಷ್ಟನ್ನೇ ನೋಡಿಕೊಂಡ. ಮಾರ್ಟಿನ್ ಕೂಡ ಅಬ್ರಮೋಫ್‌ನನ್ನು ನಂಬಿ ಕೆಟ್ಟರು ನಿಜ. ಆದರೆ ಬಂದ ಲಾಭವನ್ನು ತನ್ನ ಮನೆಗೆ ತಿರುಗಿಸಲಿಲ್ಲ, ಎಂಟು ಸಮುದಾಯಗಳಿಗೂ ಮುಟ್ಟಿಸಿದರು. ನಾನು ತೂಗಿ ನೋಡುವುದು ಅಲ್ಲಿ.

ಕಾನೂನು ಮೇಜು

ಎಲ್ಲರೂ ಕಾರ್ಖಾನೆಯ ಬಗ್ಗೆ ಬರೆದಿರಿ. ಮೂಲ ಬರಹದಲ್ಲಿ ಮೊದಲು ಆಡಳಿತ ಅಂತ ಇದೆಯಲ್ಲ, ಅದರ ಬೇರು ನ್ಯಾಯಾಲಯದಲ್ಲಿದೆ. ಎರಡು ಮೊಕದ್ದಮೆ ಹೇಳುತ್ತೇನೆ.

ಮೊದಲನೆಯದು 1978ರದ್ದು, ಯುನೈಟೆಡ್ ಸ್ಟೇಟ್ಸ್ ವಿರುದ್ಧ ಜಾನ್. ಮೀಸಲು ಪ್ರದೇಶದಲ್ಲಿ ಒಬ್ಬ ಚಾಕ್ಟಾ ಮಾಡಿದ ಹಲ್ಲೆಯ ವಿಚಾರಣೆ ಯಾರದ್ದು ಅನ್ನುವ ಪ್ರಶ್ನೆ. ನಮ್ಮದು ಅಂತ ಮಿಸ್ಸಿಸಿಪ್ಪಿ ರಾಜ್ಯ ಹಟ ಹಿಡಿಯಿತು. ಅದರ ವಾದ ಹೀಗಿತ್ತು: 1830ರಲ್ಲಿ ಇಲ್ಲೇ ಉಳಿದವರು ರಾಜ್ಯದ ಸಾಮಾನ್ಯ ಪ್ರಜೆಗಳಾದರು, ಅವರು ಇನ್ನು ಬುಡಕಟ್ಟೇ ಅಲ್ಲ. ಇದು ಗೆದ್ದಿದ್ದರೆ ಮಂಡಳಿ, ಸಂವಿಧಾನ, ಮೀಸಲು ಪ್ರದೇಶ ಎಲ್ಲವೂ ಬರೀ ಕಾಗದ. ಸುಪ್ರೀಂ ಕೋರ್ಟ್ ಒಮ್ಮತದಿಂದ ರಾಜ್ಯದ ವಾದ ತಳ್ಳಿಹಾಕಿತು. ಇದು ಮೂಲನಿವಾಸಿಗಳ ನೆಲ, ರಾಜ್ಯಕ್ಕೆ ಇಲ್ಲಿ ಆ ಅಧಿಕಾರ ಇಲ್ಲ ಅಂದಿತು. ಚಾಕ್ಟಾ ಪೊಲೀಸ್, ಚಾಕ್ಟಾ ನ್ಯಾಯಾಲಯ ಬಲವಾಗಿ ಬೆಳೆದದ್ದು ಇದರ ನಂತರ. ಮರುವರ್ಷವೇ ಮೊದಲ ಕಾರ್ಖಾನೆ. ಯಾವ ಕಾನೂನು ನಡೆಯುತ್ತದೆ ಅಂತ ಗೊತ್ತಿಲ್ಲದ ಜಾಗಕ್ಕೆ ಯಾವ ಬ್ಯಾಂಕ್ ಸಾಲ ಕೊಡುತ್ತದೆ ಹೇಳಿ?

ಎರಡನೆಯದು 1989ರ ಹೋಲಿಫೀಲ್ಡ್ ಪ್ರಕರಣ, ಮಾರ್ಟಿನ್ ಮುಖ್ಯಸ್ಥರಾಗಿದ್ದಾಗ. ಮೀಸಲು ಪ್ರದೇಶದ ಅಪ್ಪ ಅಮ್ಮನಿಗೆ ಅವಳಿ ಮಕ್ಕಳು. ಹೆರಿಗೆ ಆದದ್ದು ಸುಮಾರು 200 ಮೈಲಿ ದೂರದ ಕರಾವಳಿಯಲ್ಲಿ. ಅಲ್ಲಿನ ರಾಜ್ಯ ನ್ಯಾಯಾಲಯದಲ್ಲೇ ಚಾಕ್ಟಾ ಅಲ್ಲದ ಕುಟುಂಬಕ್ಕೆ ದತ್ತು ಕೊಟ್ಟುಬಿಟ್ಟರು. ಮಕ್ಕಳು ಮೀಸಲು ಪ್ರದೇಶಕ್ಕೆ ಕಾಲೇ ಇಟ್ಟಿಲ್ಲ, ಹಾಗಾಗಿ ಬುಡಕಟ್ಟಿಗೆ ಅಧಿಕಾರ ಇಲ್ಲ ಅಂತ ರಾಜ್ಯದ ಕೋರ್ಟುಗಳು ಹೇಳಿದವು. ಚಾಕ್ಟಾ ಸರ್ಕಾರ ಬಿಡಲಿಲ್ಲ. ಸುಪ್ರೀಂ ಕೋರ್ಟ್ 6-3ರಿಂದ ಬುಡಕಟ್ಟಿನ ಪರ ನಿಂತಿತು. ತಾಯಿಯ ನೆಲೆಯೇ ಮಕ್ಕಳ ನೆಲೆ, ಈ ದತ್ತು ತೀರ್ಮಾನ ಮಾಡಬೇಕಾದದ್ದು ಚಾಕ್ಟಾ ನ್ಯಾಯಾಲಯ ಅಂದಿತು. ತೀರ್ಪಿನಲ್ಲಿ ಕ್ಯಾಲ್ವಿನ್ ಐಸಾಕ್ 1978ರಲ್ಲಿ ಸಂಸತ್ ಸಮಿತಿಯ ಮುಂದೆ ಹೇಳಿದ್ದ ಮಾತುಗಳನ್ನೂ ಉಲ್ಲೇಖಿಸಿದರು.

ಆಮೇಲೆ ಆದದ್ದು ಇನ್ನೂ ದೊಡ್ಡದು. ಅಧಿಕಾರ ಕೈಗೆ ಬಂದ ಮೇಲೆ ಚಾಕ್ಟಾ ನ್ಯಾಯಾಲಯ ಮಕ್ಕಳನ್ನು ಸಾಕಿದ ತಾಯಿಯಿಂದ ಕಿತ್ತುಕೊಳ್ಳಲಿಲ್ಲ. ಅಷ್ಟರಲ್ಲಿ ಅವಳಿಗಳಿಗೆ ಮೂರು ವರ್ಷ ದಾಟಿತ್ತು. ಅವರ ಒಳಿತು ನೋಡಿ ಅಲ್ಲೇ ಇರಲು ಬಿಟ್ಟಿತು. ಗೆಲ್ಲಬೇಕಾದದ್ದು ತೀರ್ಮಾನ ಮಾಡುವ ಹಕ್ಕು. ಅದನ್ನು ಗೆದ್ದು, ಆ ಹಕ್ಕನ್ನು ಕರುಣೆಯಿಂದ ಬಳಸಿದರು. ಆ ನ್ಯಾಯಾಲಯದ ಮೇಲೆ ನನಗೆ ಗೌರವ ಹುಟ್ಟಿದ್ದು ಇಲ್ಲಿ.

ಬಿಸಿಲುನಾಡು

ಇದು ಗೊತ್ತೇ ಇರಲಿಲ್ಲ. ಧನ್ಯವಾದ. 2007ರಲ್ಲಿ ಯಾಕೆ ಸೋತರು? ಇಷ್ಟೆಲ್ಲ ಮಾಡಿದವರನ್ನು ಜನ ಕೈಬಿಟ್ಟರು ಅಂದರೆ ಬೇಜಾರಾಗುತ್ತದೆ.

ಗಾಳಿಪಟ

@ಬಿಸಿಲುನಾಡು, ಬೀಸ್ಲಿ ಡೆನ್ಸನ್ ಗೆದ್ದರು. ನನಗೆ ಅದರಲ್ಲಿ ಬೇಜಾರಿಗಿಂತ ಸಮಾಧಾನ ಜಾಸ್ತಿ. ಮಾರ್ಟಿನ್‌ಗೆ ಆಗ 81 ವರ್ಷ. ಅಬ್ರಮೋಫ್ ಹಗರಣದ ಬಿಸಿ ಇನ್ನೂ ಆರಿರಲಿಲ್ಲ. ಮತದಾರರಲ್ಲಿ ಬಹಳ ಜನ ಹತ್ತಿ ಹೊಲ ಕಂಡೇ ಇರದ ಹೊಸ ತಲೆಮಾರು, ಮಾರ್ಟಿನ್ ಕಟ್ಟಿದ ಶಾಲೆಗಳಲ್ಲೇ ಓದಿದವರು. ಅವರು ಹೆಚ್ಚು ಕೇಳಿದರು, ಲೆಕ್ಕ ಕೇಳಿದರು, ಬದಲಾವಣೆ ಬೇಕು ಅಂದರು. ಓದಿದ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು. ಗದ್ದಲ ಆಯಿತು, ಅಸಮಾಧಾನ ಇತ್ತು, ಆದರೆ ಅಧಿಕಾರ ಕೈ ಬದಲಾಯಿತು. 2011ರಲ್ಲಿ ಫಿಲಿಸ್ ಆ್ಯಂಡರ್ಸನ್ ಮುಖ್ಯಸ್ಥೆಯಾಗಿ ಆಯ್ಕೆಯಾದ ಮೊದಲ ಹೆಂಗಸು. 2019ರಲ್ಲಿ ಸೈರಸ್ ಬೆನ್.

ಮೆಕ್ಸಿಕೊ ವಿಷಯದಲ್ಲಿ ತುಂಗಾತೀರ ಅವರ ಉತ್ತರ ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಯಂತ್ರಶಾಲೆ ಅವರು ಬರೆದ ನೆಂಟರ ವಿಷಯ ನನ್ನನ್ನು ಯೋಚನೆಗೆ ಹಚ್ಚಿತು. ಅಷ್ಟು ಶಿಸ್ತು ತರಲು ಗಟ್ಟಿ ಕೈ ಬೇಕಿತ್ತು ಅನ್ನುವುದನ್ನು ಒಪ್ಪುತ್ತೇನೆ.

ತುಂಗಾತೀರ

@ಗಾಳಿಪಟ, ಹೊಸ ತಲೆಮಾರಿನ ಮಾತು ಸರಿಯಾಗಿ ಹೇಳಿದಿರಿ. ಸೋತ ಮೇಲೆ ಮಾರ್ಟಿನ್ ತಮ್ಮ ಜೀವನದ ಕಥೆ ಬರೆಸಿ ಮುಗಿಸಿದರು. 2010ರ ಫೆಬ್ರವರಿ 4ರಂದು ಜಾಕ್ಸನ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರು, ಪಾರ್ಶ್ವವಾಯು ಆಗಿತ್ತು. 83 ವರ್ಷ.

ಇನ್ನೊಂದು ಕೆಲಸ ಹೇಳದೆ ಹೋದರೆ ಸಮಾಧಾನ ಆಗುವುದಿಲ್ಲ. ಅವರು ತಮ್ಮ ಜನರಿಗಷ್ಟೇ ದುಡಿಯಲಿಲ್ಲ. 1968ರಲ್ಲಿ ಮಿಸ್ಸಿಸಿಪ್ಪಿ ಚಾಕ್ಟಾ, ಪೂರ್ವದ ಚೆರೊಕೀ, ಫ್ಲಾರಿಡಾದ ಸೆಮಿನೋಲ್, ಮಿಕಸೂಕಿ ಈ ನಾಲ್ಕು ಬುಡಕಟ್ಟುಗಳು ಸೇರಿ ಒಂದು ಒಕ್ಕೂಟ ಕಟ್ಟಿದವು. ಅದನ್ನು ಕಟ್ಟಿದವರಲ್ಲಿ ಮಾರ್ಟಿನ್ ಒಬ್ಬರು, ಅದರ ಅಧ್ಯಕ್ಷರೂ ಆಗಿದ್ದರು. ಆ ತನಕ ವಾಷಿಂಗ್ಟನ್ನಿಗೆ ಮೂಲನಿವಾಸಿಗಳು ಅಂದರೆ ಪಶ್ಚಿಮದ ದೊಡ್ಡ ಬುಡಕಟ್ಟುಗಳು ಮಾತ್ರ. ಆಗ್ನೇಯದಲ್ಲಿ ಉಳಿದಿದ್ದ ಈ ಸಣ್ಣ ಜನರನ್ನು ಕೇಳುವವರಿರಲಿಲ್ಲ. ಈಗ ಆ ಒಕ್ಕೂಟದಲ್ಲಿ 30ಕ್ಕೂ ಹೆಚ್ಚು ಬುಡಕಟ್ಟುಗಳಿವೆ.

@ಕಾನೂನು ಮೇಜು, ಹೊರಗಿನವರ ಮೇಲೆ ಚಾಕ್ಟಾ ನ್ಯಾಯಾಲಯಕ್ಕೆ ಅಧಿಕಾರ ಇದೆಯಾ ಅಂತ ಆಮೇಲೆ ಇನ್ನೊಂದು ದೊಡ್ಡ ಮೊಕದ್ದಮೆ ನಡೆಯಿತಲ್ಲ, ಅದರ ಬಗ್ಗೆಯೂ ಸ್ವಲ್ಪ ಬರೆಯುತ್ತೀರಾ?

ಕಾನೂನು ಮೇಜು

@ತುಂಗಾತೀರ, ಅದು ಡಾಲರ್ ಜನರಲ್ ಮೊಕದ್ದಮೆ. ಮೀಸಲು ಪ್ರದೇಶದಲ್ಲಿ ಆ ಅಂಗಡಿ ಸರಪಳಿಯ ಒಂದು ಮಳಿಗೆ ಇತ್ತು. ಚಾಕ್ಟಾ ಸರ್ಕಾರದ ತರಬೇತಿ ಯೋಜನೆಯಲ್ಲಿ ಅಲ್ಲಿಗೆ ಕೆಲಸ ಕಲಿಯಲು ಹೋದ ಹುಡುಗನ ಮೇಲೆ ಮ್ಯಾನೇಜರ್ ಲೈಂಗಿಕ ದೌರ್ಜನ್ಯ ಮಾಡಿದ ಅಂತ 2003ರಲ್ಲಿ ಆರೋಪ ಬಂತು. ಮನೆಯವರು ಚಾಕ್ಟಾ ನ್ಯಾಯಾಲಯದಲ್ಲಿ ಪರಿಹಾರಕ್ಕೆ ದಾವೆ ಹೂಡಿದರು. ನಾವು ಬುಡಕಟ್ಟಿನವರಲ್ಲ, ನಿಮ್ಮ ಕೋರ್ಟು ನಮ್ಮನ್ನು ವಿಚಾರಿಸುವಂತಿಲ್ಲ ಅಂತ ಕಂಪನಿ ವಾದಿಸಿತು. ಕೆಳಗಿನ ಕೇಂದ್ರ ನ್ಯಾಯಾಲಯಗಳು ಚಾಕ್ಟಾ ಪರವಾಗಿ ಹೇಳಿದವು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2015ರ ಡಿಸೆಂಬರ್‌ನಲ್ಲಿ ವಾದ ನಡೆಯಿತು, ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡರು. ಉಳಿದವರು ಎಂಟು ಜನ. 2016ರ ಜೂನ್ 23ರಂದು 4-4 ಅಂತ ಸಮ ಆಯಿತು. ಸಮ ಆದರೆ ಕೆಳಗಿನ ತೀರ್ಪು ನಿಲ್ಲುತ್ತದೆ. ಹಾಗಾಗಿ ಚಾಕ್ಟಾ ನ್ಯಾಯಾಲಯದ ಅಧಿಕಾರ ಉಳಿಯಿತು. ಆದರೆ ಇಡೀ ದೇಶಕ್ಕೆ ಅನ್ವಯವಾಗುವ ತೀರ್ಪು ಬರಲಿಲ್ಲ, ಬೇರೆ ಬುಡಕಟ್ಟುಗಳ ಮಟ್ಟಿಗೆ ಆ ಪ್ರಶ್ನೆ ಹಾಗೇ ಉಳಿಯಿತು.